ಪಾರ್ಶ್ವವಾಯುವಿನ ನಂತರ ಕೈ ಮರಳಿ ಬರುವ ಬಗೆ

ಕನ್ನಡದಲ್ಲಿ ‘ಕೈ’ ಎಂಬುದು ಒಂದೇ ಅಕ್ಷರದ ಪದ. ಆದರೆ ಈ ಒಂದಕ್ಷರವನ್ನು ಬಿಟ್ಟು ಸಂಸಾರದ ಮಾತು ಸಾಗುವುದೇ ಕಷ್ಟ. ಕೆಲಸ ನೆರವೇರಿದರೆ ಕೈಗೂಡಿತೆನ್ನುತ್ತೇವೆ. ನಂಬಿದವರು ನಡುದಾರಿಯಲ್ಲಿ ಬಿಟ್ಟರೆ ಕೈಕೊಟ್ಟರೆನ್ನುತ್ತೇವೆ. ಅಡುಗೆ ಚೆನ್ನಾಗಿದ್ದರೆ ಕೈರುಚಿ, ವೈದ್ಯರಿಂದ ಗುಣವಾದರೆ ಕೈಗುಣ, ಸಾಧ್ಯವಿಲ್ಲದ ಮಾತಿಗೆ ‘ಕೈಲಾಗದು’. ಲಿಂಗವಂತರ ಮನೆಗಳಲ್ಲಂತೂ ಎಡದ ಅಂಗೈಯೇ ಕರಸ್ಥಲ. ಅದೇ ಪೂಜೆಯ ಪೀಠ. ಹೀಗೆ ಇಹಪರಗಳೆರಡನ್ನೂ ಹಿಡಿದಿರುವ ಈ ಅಂಗವು ಒಂದು ಮುಂಜಾನೆ ಏಳುವಷ್ಟರಲ್ಲಿ ತನ್ನದೇ ಅಲ್ಲವೆಂಬಂತೆ ಜೋತುಬಿದ್ದಾಗ, ಆ ವ್ಯಕ್ತಿಯ ಮನಸ್ಸಿನಲ್ಲಿ ಏನೇನು ಹಾದುಹೋಗುವುದೆಂಬುದನ್ನು ಬರವಣಿಗೆಯಲ್ಲಿ ತರುವುದು ಸುಲಭವಲ್ಲ.

ಹಿರಿಯರು ಇದನ್ನು ಪಾರ್ಶ್ವವಾಯು, ಪಕ್ಷಾಘಾತವೆಂದು ಕರೆದರು. ಉತ್ತರ ಕರ್ನಾಟಕದವರು ಲಕ್ವ ಹೊಡೆಯಿತೆನ್ನುತ್ತಾರೆ. ಆಸ್ಪತ್ರೆಯಲ್ಲಿ ಸ್ಟ್ರೋಕ್ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ರೋಗವು ಕೈಯದಲ್ಲ, ಮೆದುಳಿನದು. ಮೆದುಳಿಗೆ ರಕ್ತವನ್ನು ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿ ತಡೆಯುಂಟಾದರೆ, ಅಥವಾ ನಾಳವೇ ಒಡೆದು ರಕ್ತ ಸೋರಿದರೆ, ಆ ಭಾಗದ ನರಕೋಶಗಳು ಸಾಯತೊಡಗುತ್ತವೆ. ದೊಡ್ಡ ನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂಬುದು 2006ರಲ್ಲಿ ಪ್ರಕಟವಾದ ಲೆಕ್ಕಾಚಾರ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾದುದರಿಂದ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಮೇಲೇಳದಿದ್ದರೆ ‘ಬೆಳಗಾಗಲಿ, ನೋಡೋಣ’ ಎನ್ನುವಂತಿಲ್ಲ. ಇದಿಷ್ಟನ್ನು ಬಹಳ ಮಂದಿ ಈಗ ಬಲ್ಲರು. ಪ್ರಾಣ ಉಳಿದು ಮನೆಗೆ ಬಂದ ಮೇಲೆ ಕೈಯ ಗತಿಯೇನು ಎಂಬುದನ್ನು ಮಾತ್ರ ಅಷ್ಟಾಗಿ ಯಾರೂ ಹೇಳಿಕೊಡುವುದಿಲ್ಲ. ಈ ಲೇಖನದ ವಿಷಯ ಅದು.

ಬೆಂಗಳೂರಿನ ಹೊರವಲಯದಲ್ಲಿ ಈ ಪ್ರಶ್ನೆಗೆ ಬೇರೆಯದೇ ತೀವ್ರತೆಯಿದೆ. 1970ರ ದಶಕದಿಂದ ಬೆಳೆದುಬಂದ ಪೀಣ್ಯದ ಕೈಗಾರಿಕಾ ಪ್ರದೇಶವು ಟರ್ನರ್, ಫಿಟ್ಟರ್, ವೆಲ್ಡರ್‌ಗಳ ಕೈಯನ್ನೇ ನಂಬಿ ನಿಂತ ಊರು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ದುಡಿಯುವವರ ಹತ್ತು ಬೆರಳುಗಳೂ ಕೀಲಿಮಣೆಯ ಮೇಲೆಯೇ ಇರುತ್ತವೆ. ತುಮಕೂರು, ಚಿತ್ರದುರ್ಗ, ಹಾವೇರಿ, ವಿಜಯಪುರಗಳಿಂದ ಬಂದು ದಾಸರಹಳ್ಳಿಯಲ್ಲೋ ಹೆಬ್ಬಗೋಡಿಯಲ್ಲೋ ಮನೆಮಾಡಿರುವ ನಮ್ಮ ಬಂಧುಗಳು ಅನೇಕರು. ದುಡಿಯುವವನಿಗೆ ಪಾರ್ಶ್ವವಾಯು ಬಡಿದರೆ ಸಂಬಳ ನಿಲ್ಲುತ್ತದೆ. ಮನೆಯ ಹಿರಿಯರಿಗೆ ಬಡಿದರೆ, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹಗಲೆಲ್ಲ ಜೊತೆಗಿರುವವರು ಯಾರೆಂಬ ಚಿಂತೆ ಹುಟ್ಟುತ್ತದೆ.

ಕಾಲು ಬಂದಿತು, ಕೈ ಬರಲಿಲ್ಲ

ಇದು ನಾವು ಮೇಲಿಂದ ಮೇಲೆ ಕೇಳುವ ಮಾತು. ತಿಂಗಳೆರಡು ತಿಂಗಳಲ್ಲಿ ರೋಗಿಯು ಕೋಲೂರಿಯೋ ಗೋಡೆ ಹಿಡಿದೋ ನಡೆಯತೊಡಗುತ್ತಾರೆ. ಕೈ ಮಾತ್ರ ಎದೆಗೆ ಮಡಚಿಕೊಂಡೇ ಇರುತ್ತದೆ. ಇದಕ್ಕೆ ಕಾರಣವುಂಟು. ಮೆದುಳಿನ ಬಲಭಾಗವು ಎಡಗೈಯನ್ನೂ ಎಡಭಾಗವು ಬಲಗೈಯನ್ನೂ ಆಳುತ್ತದೆ. ಆ ಆಳ್ವಿಕೆಯ ಭೂಪಟದಲ್ಲಿ ಬೆರಳುಗಳಿಗೆ, ಅದರಲ್ಲೂ ಹೆಬ್ಬೆರಳಿಗೆ, ಅವುಗಳ ಗಾತ್ರಕ್ಕೆ ಮೀರಿದ ವಿಸ್ತಾರವಾದ ಜಾಗ ಮೀಸಲಾಗಿದೆ. ಕಾಲಿಗೆ ದೇಹದ ಭಾರವನ್ನು ಹೊತ್ತು ಮುಂದಿಡುವ ಒರಟು ಚಲನೆ ಬಂದರೂ ಅಷ್ಟರಮಟ್ಟಿಗೆ ಬದುಕು ಸಾಗುತ್ತದೆ. ಕೈಗೆ ಹಾಗಲ್ಲ. ಗುಂಡಿ ಹಾಕುವುದು, ತುತ್ತು ಕಲಸುವುದು, ಬೀಗದ ಕೈ ತಿರುಗಿಸುವುದು, ಇವೆಲ್ಲ ಬೆರಳುಗಳು ಒಂದೊಂದೂ ಬೇರೆಬೇರೆಯಾಗಿ ಕದಲಬಲ್ಲ ಸೂಕ್ಷ್ಮದ ಕೆಲಸಗಳು. ಇನ್ನೊಂದು ಸಂಗತಿಯೂ ಇದೆ. ನಡೆಯಬೇಕಾದರೆ ಎರಡು ಕಾಲೂ ಬೇಕೇ ಬೇಕು, ಆದ್ದರಿಂದ ಸೋತ ಕಾಲಿಗೆ ಅನಿವಾರ್ಯವಾಗಿ ಕೆಲಸ ಸಿಗುತ್ತದೆ. ಕೈಯ ವಿಷಯದಲ್ಲಿ ಒಳ್ಳೆಯ ಕೈಯೊಂದೇ ಮುನ್ನುಗ್ಗಿ ಎಲ್ಲವನ್ನೂ ಮಾಡಿಬಿಡುತ್ತದೆ. ಸೋತ ಕೈಗೆ ಕರೆಯೇ ಬರುವುದಿಲ್ಲ.

ಆರಂಭದ ದಿನಗಳಲ್ಲೇ ವೈದ್ಯರು ನೋಡುವ ಒಂದು ಚಿಹ್ನೆಯನ್ನು ಮನೆಯವರೂ ಅರಿತಿರುವುದು ಒಳ್ಳೆಯದು. 2010ರಲ್ಲಿ ನೆದರ್ಲೆಂಡ್ಸ್ ದೇಶದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಘಾತವಾದ ಎರಡನೆಯ ದಿನವೇ ರೋಗಿಯು ಬೆರಳುಗಳನ್ನು ಸ್ವಲ್ಪವಾದರೂ ನೀಡಬಲ್ಲವನಾಗಿ, ತೋಳನ್ನು ಭುಜದಿಂದ ಪಕ್ಕಕ್ಕೆ ಕೊಂಚವಾದರೂ ಎತ್ತಬಲ್ಲವನಾದರೆ, ಆರು ತಿಂಗಳಲ್ಲಿ ಕೈಗೆ ಒಂದಿಷ್ಟು ಚಳಕ ಮರಳುವ ಸಂಭವ ನೂರಕ್ಕೆ 98. ಎರಡೂ ಆಗದವರಲ್ಲಿ ಅದು ನೂರಕ್ಕೆ 25. ಈ ಎರಡನೆಯ ಸಂಖ್ಯೆಯನ್ನು ಓದಿ ಕಂಗೆಡುವವರು, ಅದು ಸೊನ್ನೆಯಲ್ಲವೆಂಬುದನ್ನೂ ಓದಬೇಕು. ಚೇತರಿಕೆಯ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಆಮೇಲೆ ನಿಧಾನವಾಗುತ್ತದೆ, ನಿಂತೇಹೋಗುವುದೆಂದು ತಿಳಿಯಬೇಕಾಗಿಲ್ಲ. ಹಾಗೆಂದು ಮೊದಲ ದಿನವೇ ಆತುರದಿಂದ ಎಬ್ಬಿಸಿ ದಣಿಸುವುದೂ ಸಲ್ಲದು. 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯಲ್ಲಿ, 24 ಗಂಟೆಗಳೊಳಗೇ ಪದೇಪದೇ ಎಬ್ಬಿಸಿ ನಡೆಸಿದವರ ಫಲಿತಾಂಶ ಉಳಿದವರಿಗಿಂತ ಕಡಿಮೆಯಾಗಿ ಕಂಡಿತು. ಯಾವಾಗ ಆರಂಭಿಸಬೇಕೆಂಬುದನ್ನು ಚಿಕಿತ್ಸೆ ಮಾಡುತ್ತಿರುವ ವೈದ್ಯರೇ ಹೇಳಬೇಕು.

ಪ್ರೀತಿಯೇ ಅಡ್ಡಿಯಾಗುವ ಪರಿ

ನಮ್ಮ ಕುಟುಂಬಗಳಲ್ಲಿ ಹಿರಿಯರ ಸೇವೆಯೆಂಬುದು ದೊಡ್ಡ ಗುಣ. ಅದರ ಬಗೆಗೆ ಎರಡು ಮಾತಿಲ್ಲ. ಆದರೆ ಪಾರ್ಶ್ವವಾಯು ಬಡಿದ ಮನೆಯಲ್ಲಿ ಈ ಗುಣವೇ ಕೈಗೆ ಶತ್ರುವಾಗುವುದನ್ನು ಕಾಣುತ್ತೇವೆ. ಮಾವನವರು ಸೋತ ಕೈಯಿಂದ ನೀರಿನ ಲೋಟವನ್ನು ಹಿಡಿಯಲು ತಡವರಿಸುತ್ತಿರುತ್ತಾರೆ. ಸೊಸೆ ಅಡುಗೆಮನೆಯಿಂದ ಓಡಿಬಂದು, “ಅಯ್ಯೋ ಮಾವ, ನೀವು ಸುಮ್ನೆ ಕೂತಿರಿ, ನಾನೇ ಕುಡಿಸ್ತೀನಿ” ಎನ್ನುತ್ತಾಳೆ. ಆಕೆಯ ಮನಸ್ಸು ದೊಡ್ಡದು. ಆಫೀಸಿಗೆ ಹೊತ್ತಾಗುತ್ತಿರುವ ಅವಸರವೂ ನಿಜ. ಲೋಟ ಬಾಯಿಗೆ ಬಂತು, ನೀರು ಒಳಗೆ ಹೋಯಿತು. ಆದರೆ ಕೈ ಆ ದಿನ ಕಲಿಯಬೇಕಾಗಿದ್ದ ಪಾಠ ತಪ್ಪಿತು. ದಿನಕ್ಕೆ ಇಂಥ ಇಪ್ಪತ್ತು ಪಾಠಗಳು ತಪ್ಪಿದರೆ, ತಿಂಗಳಿಗೆ ಎಷ್ಟಾಯಿತು?

ಇದನ್ನು ವಿಜ್ಞಾನವೂ ಬೇರೆ ದಾರಿಯಿಂದ ಬಂದು ಕಂಡುಕೊಂಡಿದೆ. ಅಮೆರಿಕದ ಎಡ್ವರ್ಡ್ ಟೌಬ್ ಎಂಬ ವಿಜ್ಞಾನಿ ಕೋತಿಗಳ ಒಂದು ಕೈಯ ಸ್ಪರ್ಶನರಗಳನ್ನು ಕತ್ತರಿಸಿ ಪ್ರಯೋಗ ಮಾಡಿದರು. ಸ್ನಾಯುಗಳನ್ನು ಕದಲಿಸುವ ನರಗಳು ಹಾಗೆಯೇ ಇದ್ದರೂ ಕೋತಿಗಳು ಆ ಕೈಯನ್ನು ಬಳಸುವುದನ್ನೇ ಬಿಟ್ಟವು. ಒಳ್ಳೆಯ ಕೈಯನ್ನು ಕಟ್ಟಿಹಾಕಿದಾಗ, ಬಿಟ್ಟ ಕೈ ಮತ್ತೆ ಕೆಲಸಕ್ಕೆ ಬಂದಿತು. ಮೊದಮೊದಲು ಪ್ರಯತ್ನಿಸಿ ಸೋತ ಪ್ರಾಣಿಯು, ‘ಈ ಕೈ ಆಗದು’ ಎಂಬುದನ್ನೇ ಕಲಿತುಕೊಂಡುಬಿಟ್ಟಿರುತ್ತದೆಂಬುದು ಟೌಬ್ ಅವರ ತೀರ್ಮಾನ. (ಆ ಮೂಕಪ್ರಾಣಿಗಳ ಸ್ಥಿತಿ 1981ರಲ್ಲಿ ಬಯಲಿಗೆ ಬಂದು ವಿಷಯ ನ್ಯಾಯಾಲಯದವರೆಗೆ ಹೋಯಿತು, ನಮ್ಮ ಓದುಗರಿಗೆ ಅದು ಹಿತವಾದ ಸಂಗತಿಯಲ್ಲ. ಬಂದ ಅರಿವನ್ನು ಮಾತ್ರ ಎಸೆಯಲಾಗದು.) ಮನುಷ್ಯರಿಗೂ ಇದನ್ನೇ ಅನ್ವಯಿಸಿ, ಒಳ್ಳೆಯ ಕೈಗೆ ದಪ್ಪ ಗವಸು ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಹುಟ್ಟಿತು. 2006ರಲ್ಲಿ ಅಮೆರಿಕದ ಏಳು ಕೇಂದ್ರಗಳಲ್ಲಿ, ಆಘಾತವಾಗಿ 3ರಿಂದ 9 ತಿಂಗಳು ಕಳೆದಿದ್ದ 222 ಮಂದಿಯ ಪರೀಕ್ಷೆಯ ಫಲ ಪ್ರಕಟವಾಯಿತು. ಎರಡು ವಾರಗಳ ಕಾಲ, ಎಚ್ಚರವಿರುವ ಹೊತ್ತಿನ ನೂರಕ್ಕೆ 90 ಭಾಗ ಗವಸು ತೊಟ್ಟು, ವಾರದ ದಿನಗಳಲ್ಲಿ ಆರು ಗಂಟೆಯವರೆಗೂ ಅಭ್ಯಾಸ ಮಾಡಿದವರ ಕೈ, ಎಂದಿನ ಆರೈಕೆ ಪಡೆದವರಿಗಿಂತ ಸುಧಾರಿಸಿತ್ತು. ವರ್ಷದ ನಂತರವೂ ಆ ಗಳಿಕೆ ಉಳಿದಿತ್ತು.

ಆದರೆ ಇದನ್ನು ಓದಿದ ಕೂಡಲೇ ಮನೆಯಲ್ಲಿ ತಂದೆಯವರ ಒಳ್ಳೆಯ ಕೈಗೆ ಬಟ್ಟೆ ಸುತ್ತಲು ಹೊರಡಬಾರದು. ಮಣಿಕಟ್ಟನ್ನೂ ಒಂದೆರಡು ಬೆರಳುಗಳನ್ನೂ ಸ್ವಲ್ಪವಾದರೂ ಹಿಂದಕ್ಕೆ ಎತ್ತಬಲ್ಲವರಿಗೆ ಮಾತ್ರ ಈ ಕ್ರಮ. ನಡೆಯುವಾಗ, ಮೆಟ್ಟಿಲೇರುವಾಗ, ಸ್ನಾನದ ಮನೆಯಲ್ಲಿ ಒಳ್ಳೆಯ ಕೈ ಬಿಡುವಾಗಿಯೇ ಇರಬೇಕು. ಬಿದ್ದು ಸೊಂಟ ಮುರಿದರೆ ಕೈಯ ಮಾತೇ ಮರೆತುಹೋಗುತ್ತದೆ. ಚಿಕಿತ್ಸಕರ ಸಲಹೆ ಪಡೆದು ದಿನಕ್ಕೆ ಒಂದೆರಡು ಗಂಟೆ, ಕುಳಿತಲ್ಲೇ ಮಾಡುವ ಕೆಲಸಗಳಿಗೆ ಇದನ್ನು ಇಟ್ಟುಕೊಳ್ಳಬಹುದು.

ಬೆರಳೇ ಕದಲದವರ ಪಾಡೇನು? ಅವರಿಗೊಂದು ಸರಳ ಉಪಾಯವನ್ನು ತೋರಿದವರು ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್. ಕೈ ಕತ್ತರಿಸಿಹೋದವರ ನೋವಿಗೆಂದು ಅವರು ಮೊದಲು ಬಳಸಿದ ಕನ್ನಡಿಯನ್ನು, 1999ರಲ್ಲಿ ಅವರೂ ಅವರ ಸಂಗಡಿಗರೂ ಪಾರ್ಶ್ವವಾಯುವಿನ ಒಂಬತ್ತು ರೋಗಿಗಳಲ್ಲಿ ಪರೀಕ್ಷಿಸಿದರು. ಮೇಜಿನ ನಡುವೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಮರೆಮಾಡಿ, ಒಳ್ಳೆಯ ಕೈಯನ್ನು ಕನ್ನಡಿಯ ಮುಂದಿಟ್ಟು ತೆರೆದು ಮುಚ್ಚಬೇಕು. ನೋಡುವವನಿಗೆ ಕನ್ನಡಿಯೊಳಗೆ ಸೋತ ಕೈಯೇ ಕದಲಿದಂತೆ ಕಾಣುತ್ತದೆ. ಅದೇ ಹೊತ್ತಿಗೆ ಹಿಂದಿರುವ ಕೈಯನ್ನೂ ಕದಲಿಸಲು ಯತ್ನಿಸಬೇಕು. ಮಾಯೆಯೆಂದು ನಗುವವರು ನಗಲಿ. 2018ರಲ್ಲಿ 62 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಮಾಯೆಗೆ ಪ್ರಯೋಜನವುಂಟೆಂದೇ ಕಂಡುಬಂದಿತು. ಖರ್ಚು ಒಂದು ಕನ್ನಡಿಯದು. ಇದರ ಜೊತೆಗೆ, ಮಣಿಕಟ್ಟಿನ ಸ್ನಾಯುಗಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಸ್ಪಂದನ ಕೊಟ್ಟು ಎತ್ತಿಸುವ ಸಾಧನವನ್ನೂ ಭೌತಚಿಕಿತ್ಸಕರು ಬಳಸುತ್ತಾರೆ.

ಎಷ್ಟು ಸಲ?

ಎಲ್ಲ ಪದ್ಧತಿಗಳ ತಿರುಳೂ ಆವೃತ್ತಿ. 2009ರಲ್ಲಿ ಅಮೆರಿಕ ಮತ್ತು ಕೆನಡಾಗಳ ಏಳು ಪುನಶ್ಚೇತನ ಕೇಂದ್ರಗಳಲ್ಲಿ 312 ಚಿಕಿತ್ಸಾವೇಳೆಗಳನ್ನು ಪಕ್ಕದಲ್ಲಿ ಕುಳಿತು ಗಮನಿಸಿದವರು ಎಣಿಸಿದ್ದೇನೆಂದರೆ, ಒಂದು ವೇಳೆಯಲ್ಲಿ ಕೈಯ ನಿಜವಾದ ಕೆಲಸದ ಚಲನೆಗಳು ಸರಾಸರಿ 32. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಬದಲಾಗುವುದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಅಷ್ಟು ಸೌಕರ್ಯವುಳ್ಳ ದೇಶಗಳಲ್ಲೇ 32 ಆದರೆ, ವಾರಕ್ಕೆರಡು ಸಲ ಮನೆಗೆ ಬಂದು ಮುಕ್ಕಾಲು ಗಂಟೆಯಲ್ಲಿ ಹೊರಡುವ ನಮ್ಮ ಫಿಸಿಯೋಥೆರಪಿಸ್ಟರಿಂದ ಎಷ್ಟನ್ನು ನಿರೀಕ್ಷಿಸಬಹುದು? ಅವರು ದಾರಿ ತೋರುತ್ತಾರೆ, ನಡೆಯಬೇಕಾದವರು ಮನೆಯವರು. ಜಪವನ್ನು ಮಣಿ ಎಣಿಸಿ ಮಾಡಿದವರಿಗೆ ಈ ಲೆಕ್ಕವೇನೂ ಹೊಸದಲ್ಲ.

ಹಾಗಾದರೆ ಕೈಗೆ ಯಾವ ಕೆಲಸ ಕೊಡಬೇಕು? ಅಂಗಡಿಯಲ್ಲಿ ಸಿಗುವ ಮೆತ್ತನೆಯ ಚೆಂಡನ್ನು ತಂದುಕೊಟ್ಟು ಹಗಲೆಲ್ಲ ಹಿಚುಕುತ್ತಿರಿ ಎನ್ನುವ ರೂಢಿ ಬಲವಾಗಿದೆ. ಬೆರಳುಗಳು ತಾವಾಗಿಯೇ ಮುಷ್ಟಿಗಟ್ಟುತ್ತಿರುವ ಕೈಗೆ ಇದು ಸರಿಯಾದ ಪಾಠವಲ್ಲ. ಮುಚ್ಚುವುದನ್ನು ಅದು ಬಲ್ಲುದು, ತೆರೆಯುವುದನ್ನು ಮರೆತಿದೆ. ಬೇಕಾಗಿರುವುದು ಹಿಡಿದುದನ್ನು ಬಿಡುವ ಅಭ್ಯಾಸ.

ಇದಕ್ಕೆ ನಮ್ಮ ಅಡುಗೆಮನೆಗಿಂತ ಒಳ್ಳೆಯ ಶಾಲೆ ಬೇರೊಂದಿಲ್ಲ. ಚಳಿಗಾಲ ಬಂತೆಂದರೆ ಬೆಂಗಳೂರಿನ ಸುತ್ತಮುತ್ತಲ ಮನೆಗಳಲ್ಲಿ ಸೊಗಡಿನ ಅವರೆಯ ರಾಶಿ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲನೆ ಒತ್ತಿದರೆ ಕಾಳು ಸಿಪ್ಪೆಯಿಂದ ಚಿಮ್ಮುತ್ತದೆ. ಹಿತಕಿದ ಬೇಳೆಯೆನ್ನುವುದು ಇದನ್ನೇ. ಹಿಡಿ, ಒತ್ತು, ಬಿಡು: ಒಂದು ಬಟ್ಟಲು ಬೇಳೆಗೆ ಇನ್ನೂರು ಮುನ್ನೂರು ಸಲ ಈ ಕ್ರಿಯೆ ನಡೆಯುತ್ತದೆ, ಅದೂ ಮನೆಯವರೊಡನೆ ಮಾತಾಡುತ್ತ. ಕೊನೆಗೆ ಸಾರೂ ಆಗುತ್ತದೆ. ಬೆರಳು ಅಷ್ಟು ಸೂಕ್ಷ್ಮಕ್ಕೆ ಬಾರದವರು ಮೊದಲು ದೊಡ್ಡ ನಿಂಬೆಹಣ್ಣುಗಳನ್ನು ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹಾಕಲಿ, ಆಮೇಲೆ ಈರುಳ್ಳಿ, ಆಮೇಲೆ ಕಡಲೆಕಾಯಿ. ಉತ್ತರ ಕರ್ನಾಟಕದ ತಾಯಂದಿರಿಗೆ ಜೋಳದ ರೊಟ್ಟಿಯ ಹಿಟ್ಟು ಇದೆ. ತಟ್ಟುವಾಗ ಅಂಗೈ ಅಗಲವಾಗಿ, ಬೆರಳುಗಳು ನೀಳವಾಗಿ ನಿಲ್ಲಬೇಕಾದುದರಿಂದ, ಮಡಚಿಕೊಂಡ ಕೈಗೆ ಇದು ಹೇಳಿಮಾಡಿಸಿದ ಕೆಲಸ. ತಟ್ಟುವುದು ಒಲೆಯಿಂದ ದೂರದಲ್ಲಿ ನಡೆಯಲಿ. ಸ್ಪರ್ಶಜ್ಞಾನ ಮಂದವಾದ ಕೈಗೆ ಹಂಚಿನ ಬಿಸಿ ತಿಳಿಯುವುದಿಲ್ಲ, ಸುಟ್ಟ ಮೇಲೆ ಕಣ್ಣಿಗೆ ಕಾಣುತ್ತದೆ. ಹತ್ತಿಯ ಬತ್ತಿ ಹೊಸೆಯುವುದು, ಒಗೆದ ಬಟ್ಟೆಯನ್ನು ಮಡಚುವುದು, ಹೂವು ಬಿಡಿಸುವುದು, ಇವೂ ಆಗುತ್ತವೆ. ಗಂಡಸರು ‘ಇದು ಹೆಂಗಸರ ಕೆಲಸ’ ಎಂದು ಮುಖ ತಿರುಗಿಸಿದರೆ ನಷ್ಟ ಅವರದೇ.

ಕರಸ್ಥಲದ ಮಾತು

ಎಡಗೈ ಸೋತ ಶಿವಭಕ್ತರ ಒಂದು ಸಂಕಟವನ್ನು ವೈದ್ಯರ ಪುಸ್ತಕಗಳಲ್ಲಿ ಹುಡುಕಿದರೆ ಸಿಗದು. ಹೆಬ್ಬಗೋಡಿಯ ಬಹುಮಹಡಿ ಕಟ್ಟಡವೊಂದರಲ್ಲಿ ಮಗನ ಮನೆಯಲ್ಲಿರುವ, ವಿಜಯಪುರದ ಕಡೆಯ ಹಿರಿಯ ತಾಯಿಯೊಬ್ಬರನ್ನು ಕಾಣಲು ಹೋಗಿದ್ದೆ. ಮೆದುಳಿನ ಬಲಭಾಗದಲ್ಲಿ ಹೆಪ್ಪುಗಟ್ಟಿ ಎಡಗೈ ಮುಷ್ಟಿಯಾಗಿತ್ತು. ಎರಡು ತಿಂಗಳಿಂದ ಅವರು ಪೂಜೆಯನ್ನೇ ಬಿಟ್ಟಿದ್ದರು. ಮನೆಯಲ್ಲಿ ಯಾರಿಗೂ ಕಾರಣ ಹೇಳಿರಲಿಲ್ಲ. ಮಗ ಆಚೆ ಹೋದ ಮೇಲೆ ಮೆಲ್ಲನೆ, “ಅಂಗೈನ ಬಿಚ್ಚವಲ್ದು ಶಾಸ್ತ್ರಿಗಳ. ಲಿಂಗಾನ ಎಲ್ಲಿ ಇಟ್ಕೊಳ್ಳಲಿ? ಕೈ ಜಾರಿ ಬಿದ್ರ ನಾ ಏನ್ ಮಾಡ್ಲಿ?” ಎಂದರು. ಇಷ್ಟಲಿಂಗವು ಕೈತಪ್ಪಿ ನೆಲಕ್ಕೆ ಬೀಳುವುದನ್ನು ನಮ್ಮವರು ಎಷ್ಟು ದೊಡ್ಡ ಅಪರಾಧವೆಂದು ಭಾವಿಸುತ್ತಾರೆಂಬುದನ್ನು ಬಲ್ಲವರಿಗೆ ಆ ಭಯದ ತೂಕ ಅರ್ಥವಾದೀತು.

ದೇಹ ಸೋತಾಗ ಪೂಜೆಯ ಬಾಹ್ಯಕ್ರಮದಲ್ಲಿ ಮಾಡಿಕೊಳ್ಳುವ ಹೊಂದಾಣಿಕೆ ಭಕ್ತಿಗೆ ಕುಂದಲ್ಲವೆಂಬುದು ನನ್ನ ತಿಳಿವಳಿಕೆ. ಸಂದೇಹವಿದ್ದವರು ತಮ್ಮ ಗುರುಗಳನ್ನು ಕೇಳಿಕೊಳ್ಳಬಹುದು. ಅವರಿಗೆ ನಾನು ಹೇಳಿದ್ದು ಇಷ್ಟೆ: ಎದುರಿಗೆ ಮಣೆಯನ್ನಿಟ್ಟು, ಅದರ ಮೇಲೆ ನಾಲ್ಕು ಮಡಿಕೆಯ ಮೆತ್ತನೆಯ ವಸ್ತ್ರವನ್ನು ಹಾಸಿ, ಎಡಗೈಯನ್ನು ಅಂಗಾತವಾಗಿ ಅದರ ಮೇಲಿರಿಸಿ. ಬಲಗೈಯಿಂದ ಬೆರಳುಗಳನ್ನು ಒಂದೊಂದಾಗಿ, ಹೆಬ್ಬೆರಳಿನಿಂದ ಮೊದಲುಮಾಡಿ, ನಿಧಾನವಾಗಿ ಬಿಡಿಸಿ. ಮೊದಲ ಕೆಲವು ವಾರ ಲಿಂಗ ಬೇಡ. ಒಂದು ಅಡಿಕೆಯನ್ನೋ ಸಣ್ಣ ನಿಂಬೆಹಣ್ಣನ್ನೋ ಇಟ್ಟು ಅಭ್ಯಾಸ ಮಾಡಿ. ಅದು ಜಾರಿ ಬಿದ್ದರೆ ಯಾರಿಗೂ ಅಪಚಾರವಿಲ್ಲ. ಅದು ನಿಲ್ಲತೊಡಗಿದ ಮೇಲೆ ಲಿಂಗವನ್ನು ಕರಸ್ಥಲಕ್ಕೆ ತಂದುಕೊಳ್ಳಿ, ಬಲಗೈ ಕೆಳಗಿನಿಂದ ಆಸರೆಯಾಗಿರಲಿ.

ನಮ್ಮ ನಿತ್ಯಪೂಜೆಯನ್ನು ಒಬ್ಬ ಚಿಕಿತ್ಸಕರ ಕಣ್ಣಿನಿಂದ ನೋಡಿದರೆ ಆಶ್ಚರ್ಯವಾಗುತ್ತದೆ. ಕರಡಿಗೆಯ ಮುಚ್ಚಳ ತೆಗೆಯುವುದಕ್ಕೆ ಒಂದು ಕೈ ಹಿಡಿಯಬೇಕು, ಇನ್ನೊಂದು ತಿರುಗಿಸಬೇಕು. ಲಿಂಗವಸ್ತ್ರದ ಗಂಟನ್ನು ಬಿಚ್ಚಲು ಬೆರಳ ತುದಿಗಳು ಬೇಕು. ವಿಭೂತಿಯನ್ನು ಧರಿಸಲು ನಡುವಿನ ಮೂರು ಬೆರಳುಗಳು ಒಟ್ಟಾಗಿ ನೀಳಬೇಕು. ಬಿಲ್ವದ ಒಂದೇ ಎಸಳನ್ನು ತಟ್ಟೆಯಿಂದ ಎತ್ತಲು ಹೆಬ್ಬೆರಳೂ ತೋರುಬೆರಳೂ ಸೇರಬೇಕು. ನೀರಿನ ಚಮಚೆಯನ್ನು ಚೆಲ್ಲದೆ ಬಗ್ಗಿಸಲು ಮಣಿಕಟ್ಟು ತಿರುಗಬೇಕು. ಎರಡೂ ಕೈ ಸೇರಿ ಮಾಡುವ, ಅರ್ಥವುಳ್ಳ, ದಿನವೂ ತಪ್ಪದ ಕೆಲಸ: ಚಿಕಿತ್ಸಕರು ಹುಡುಕುವುದು ಇದನ್ನೇ. ಮನೆಯವರು ಮಾಡಬೇಕಾದುದು, ತಟ್ಟೆಯನ್ನು ಮುಂದಿಟ್ಟು ಅವಸರಪಡಿಸದೆ ಕಾಯುವುದು. ಹತ್ತು ನಿಮಿಷದ ಪೂಜೆಗೆ ಐವತ್ತು ನಿಮಿಷ ಹಿಡಿಯಲಿ. ಆ ತಾಯಿಯ ಅಂಗೈ ನಾಲ್ಕು ತಿಂಗಳ ನಂತರ ಬಲಗೈಯ ಸಹಾಯದಿಂದ ಪೂರ್ತಿಯಾಗಿ ತೆರೆಯುತ್ತಿತ್ತು. ತಾನಾಗಿ ತೆರೆಯುತ್ತಿದ್ದುದು ಅರ್ಧ. ಪೂಜೆ ಮಾತ್ರ ಮತ್ತೆ ನಿಲ್ಲಲಿಲ್ಲ.

ಮಾಡಬಾರದವು ಕೆಲವು

ಸೋತ ತೋಳನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಬಾರದು. ಸ್ನಾಯುಗಳ ಬಿಗಿ ಕಳೆದುಕೊಂಡ ಭುಜದ ಕೀಲು ಸುಲಭವಾಗಿ ಸಡಿಲಗೊಳ್ಳುತ್ತದೆ. ಭುಜ ನೋಯತೊಡಗಿದರೆ ಕೈಯ ಅಭ್ಯಾಸವೆಲ್ಲ ನಿಂತುಹೋಗುತ್ತದೆ. ಕುಳಿತಾಗ ತೋಳು ನೇತಾಡದಂತೆ ದಿಂಬಿನ ಮೇಲಿರಬೇಕು. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ತೆಗೆಯುವಾಗ ಸೋತ ಕೈ ಕೊನೆಗೆ. ಕಿಟಕಿಯ ಸರಳಿಗೆ ರಾಟೆ ಕಟ್ಟಿ, ಹಗ್ಗದ ಒಂದು ತುದಿಗೆ ಸೋತ ಕೈಯನ್ನು ಬಿಗಿದು ಒಳ್ಳೆಯ ಕೈಯಿಂದ ಎಳೆಯುವ ವ್ಯಾಯಾಮವನ್ನು ಇಂದಿಗೂ ಹಲವು ಮನೆಗಳಲ್ಲಿ ಕಾಣುತ್ತೇವೆ. ಅದು ಭುಜದ ನೋವನ್ನು ತರುತ್ತದೆಂದು ಚಿಕಿತ್ಸಕರು ಎಂದೋ ಕೈಬಿಟ್ಟ ಪದ್ಧತಿ.

ಎಣ್ಣೆ ತಿಕ್ಕುವುದರ ಬಗೆಗೆ ಪ್ರತಿ ಮನೆಯಲ್ಲೂ ಕೇಳುತ್ತಾರೆ. ಮೃದುವಾಗಿ ತಿಕ್ಕಿದರೆ ಹಿತವೆನಿಸುತ್ತದೆ, ಮಾಡಲಿ. ಆದರೆ ತಿಕ್ಕಿಸಿಕೊಳ್ಳುವ ಕೈ ಆ ಹೊತ್ತು ಸುಮ್ಮನೆ ಮಲಗಿರುತ್ತದೆ, ಏನನ್ನೂ ಕಲಿಯುತ್ತಿರುವುದಿಲ್ಲ. ಪಾರಿವಾಳದ ರಕ್ತ ಹಚ್ಚುವುದು, ರಾತ್ರೋರಾತ್ರಿ ವಾಹನ ಮಾಡಿಕೊಂಡು ಹೋಗಿ ಹೆಸರು ತಿಳಿಯದ ಔಷಧಿ ಕುಡಿಸುವುದು, ಇವುಗಳ ಬಗೆಗೆ ನನಗೆ ಯಾವ ಗೌರವವೂ ಇಲ್ಲ. ಪಥ್ಯದ ಹೆಸರಿನಲ್ಲಿ ರಕ್ತದೊತ್ತಡದ ಮಾತ್ರೆಯನ್ನೂ ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಯನ್ನೂ ನಿಲ್ಲಿಸಿಬಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಎರಡನೆಯ ಆಘಾತವನ್ನು ಮನೆಗೆ ಕರೆತರುವ ದಾರಿ ಅದು.

ಹಣವುಳ್ಳವರು ಯಂತ್ರಗಳ ಕಡೆಗೆ ಓಡುವುದನ್ನೂ ನೋಡುತ್ತೇವೆ. ಕೈಯನ್ನು ಕದಲಿಸುವ ರೋಬಾಟ್ ಯಂತ್ರಗಳನ್ನು ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಎಂದಿನ ಆರೈಕೆಗಿಂತ ಕೈಯ ಕಾರ್ಯಶಕ್ತಿ ಹೆಚ್ಚಲಿಲ್ಲ. ಎದೆಯ ಚರ್ಮದಡಿಯಲ್ಲಿ ಪುಟ್ಟ ಉಪಕರಣವನ್ನಿರಿಸಿ ಕತ್ತಿನ ವೇಗಸ್ ನರವನ್ನು ಪ್ರಚೋದಿಸುವ ವಿಧಾನಕ್ಕೆ 2021ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. 108 ಮಂದಿಯ ಪರೀಕ್ಷೆಯಲ್ಲಿ ಅದು ಫಲ ನೀಡಿತ್ತು. ಅಲ್ಲಿಯೂ ಉಪಕರಣ ಒಂದೇ ಕೆಲಸ ಮಾಡಲಿಲ್ಲ, ಕಠಿಣವಾದ ಅಭ್ಯಾಸದ ಜೊತೆಗೆ ಮಾಡಿತು. ಬೆರಳುಗಳ ಬಿಗಿತ ತೀರ ಹೆಚ್ಚಾಗಿ ಉಗುರು ಅಂಗೈಗೆ ನಾಟುವಂತಾದರೆ ಬೊಟುಲಿನಂ ಚುಚ್ಚುಮದ್ದಿನಿಂದ ಸುಮಾರು ಮೂರು ತಿಂಗಳ ಮಟ್ಟಿಗೆ ಸಡಿಲವಾಗುತ್ತದೆ. ಆ ಮೂರು ತಿಂಗಳನ್ನು ಅಭ್ಯಾಸಕ್ಕೆ ಬಳಸಿಕೊಳ್ಳದಿದ್ದರೆ ಹಣ ಹೋದಂತೆ.

ಮನೆಯವರನ್ನು ಇಷ್ಟು ನಂಬಿ ಬರೆದ ಮೇಲೆ ಒಂದು ವಿರುದ್ಧ ಸಾಕ್ಷ್ಯವನ್ನೂ ಹೇಳದಿದ್ದರೆ ನ್ಯಾಯವಾಗದು. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮನೆಯವರಿಗೆ ತರಬೇತಿ ಕೊಟ್ಟು, ಮನೆಯಲ್ಲೇ ಪುನಶ್ಚೇತನ ಮಾಡಿಸಿದರೆ ಲಾಭವುಂಟೇ ಎಂದು ಪರೀಕ್ಷಿಸಲಾಯಿತು. ತರಬೇತಿ ಪಡೆದ ಮನೆಗಳನ್ನೂ ಪಡೆಯದವುಗಳನ್ನೂ ಹೋಲಿಸಿದ ಫಲಿತಾಂಶ 2017ರಲ್ಲಿ ಬಂದಿತು. ಆರು ತಿಂಗಳ ಕೊನೆಗೆ ಎರಡೂ ಗುಂಪುಗಳಲ್ಲಿ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ನೂರಕ್ಕೆ 47. ಅಂತರವಿರಲಿಲ್ಲ. ಇದರಿಂದ ಮನೆಯ ಅಭ್ಯಾಸ ನಿರರ್ಥಕವೆಂದು ನಾನು ತಿಳಿಯುವುದಿಲ್ಲ. ಆ ಪರೀಕ್ಷೆ ಅಳೆದದ್ದು ಇಡೀ ಬದುಕಿನ ಅವಲಂಬನೆಯನ್ನು, ಕೈಯೊಂದನ್ನೇ ಅಲ್ಲ. ಆದರೆ ಚಿಕಿತ್ಸಕರ ಜಾಗವನ್ನು ಮನೆಯವರು ತುಂಬಲಾರರೆಂಬುದನ್ನು ಅದರಿಂದ ಒಪ್ಪಬೇಕು. ಅಭ್ಯಾಸ ಸುಲಭವಾದಾಗ ಅದನ್ನು ಒಂದು ಮೆಟ್ಟಿಲು ಕಠಿಣಗೊಳಿಸುವುದು, ತಪ್ಪು ಚಲನೆಯನ್ನು ತಿದ್ದುವುದು ಬಲ್ಲವರ ಕೆಲಸ. ಹದಿನೈದು ದಿನಕ್ಕೊಮ್ಮೆಯಾದರೂ ಅವರಿಗೆ ತೋರಿಸುತ್ತಿರಬೇಕು.

ಎಲ್ಲಿ ತೋರಿಸಬೇಕು? ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅದೇ ಸಂಸ್ಥೆಯೊಡನೆ ರಾಜ್ಯ ಸರ್ಕಾರವು 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದಡಿ ಜಯನಗರದ ಸಾರ್ವಜನಿಕ ಆಸ್ಪತ್ರೆಯಲ್ಲೂ ಕೋಲಾರ, ಚಿಕ್ಕಬಳ್ಳಾಪುರಗಳ ಜಿಲ್ಲಾಸ್ಪತ್ರೆಗಳಲ್ಲೂ ಮೊದಲ ಚಿಕಿತ್ಸಾಲಯಗಳು ತೆರೆದವು. ವೈಟ್‌ಫೀಲ್ಡಿನಲ್ಲಿ 2001ರಿಂದ ಉಚಿತ ಚಿಕಿತ್ಸೆ ನೀಡುತ್ತಿರುವ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ನರರೋಗ ವಿಭಾಗವಿದೆ. ದಾರಿಯ ದಟ್ಟಣೆಯಿಂದಾಗಿಯೇ ಅನೇಕರು ಚಿಕಿತ್ಸೆಯನ್ನು ನಡುವೆ ನಿಲ್ಲಿಸುತ್ತಿದ್ದರು. 2023ರಲ್ಲಿ ವೈಟ್‌ಫೀಲ್ಡಿನವರೆಗೂ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರದವರೆಗೂ ಮೆಟ್ರೋ ಬಂದಿರುವುದು ಈ ರೋಗಿಗಳಿಗೆ ದೊಡ್ಡ ಅನುಕೂಲ.

ದುಡಿಯುವ ಕೈ ಸೋತಾಗ

ಪೀಣ್ಯ, ಬೊಮ್ಮಸಂದ್ರಗಳ ಕಾರ್ಮಿಕ ಕುಟುಂಬಗಳಿಗೆ ಇನ್ನೊಂದು ವಿಷಯ ತಿಳಿದಿರಬೇಕು. ತಿಂಗಳ ವೇತನ 21,000 ರೂಪಾಯಿಯೊಳಗಿರುವ ಕಾರ್ಮಿಕರು (ಈ ಮಿತಿ 2017ರ ಜನವರಿಯಲ್ಲಿ ಜಾರಿಗೆ ಬಂದದ್ದು) ಇಎಸ್ಐ ಯೋಜನೆಗೆ ಸೇರಿರುತ್ತಾರೆ. ಕಾಯಿಲೆ ಬಿದ್ದವರಿಗೆ ವೇತನದ ನೂರಕ್ಕೆ 70ರಷ್ಟು ಭತ್ಯೆ 91 ದಿನ ಸಿಗುವುದನ್ನು ಎಲ್ಲರೂ ಬಲ್ಲರು. ದೀರ್ಘಕಾಲದ 34 ರೋಗಗಳ ಪಟ್ಟಿಯೊಂದಿದ್ದು, ಅದರಲ್ಲಿ ಅರ್ಧಾಂಗವಾಯುವೂ ಸೇರಿದೆಯೆಂಬುದನ್ನು ಮಾತ್ರ ಬಹುಮಂದಿ ಅರಿಯರು. ಎರಡು ವರ್ಷ ನಿರಂತರವಾಗಿ ವಿಮೆಗೆ ಒಳಪಟ್ಟ ಕೆಲಸದಲ್ಲಿದ್ದು, ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನಗಳ ವಂತಿಗೆ ಸಂದಾಯವಾಗಿದ್ದರೆ, ವೇತನದ ನೂರಕ್ಕೆ 80ರಷ್ಟು ಭತ್ಯೆ ಎರಡು ವರ್ಷಗಳವರೆಗೆ ದೊರೆಯಲು ಅವಕಾಶವಿದೆ. ರಾಜಾಜಿನಗರ ಮತ್ತು ಪೀಣ್ಯಗಳ ಇಎಸ್ಐ ಆಸ್ಪತ್ರೆಗಳಲ್ಲಿ ವಿಚಾರಿಸಬೇಕು. ಕೈ ಚೇತರಿಸಿಕೊಳ್ಳುವ ತಿಂಗಳುಗಳಲ್ಲಿ ಮನೆಯ ಒಲೆ ಉರಿಯುತ್ತಿದ್ದರೆ ತಾನೆ ಅಭ್ಯಾಸಕ್ಕೆ ಮನಸ್ಸು ನಿಲ್ಲುವುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ತುತ್ತಾದ ಸರ್ಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ; ಖಾಸಗಿ ಕಾರ್ಖಾನೆಗಳಿಗೆ ಆ ವಿಧಿ ಅನ್ವಯಿಸುವುದಿಲ್ಲ. ಅಲ್ಲಿ ಮಾಲೀಕರೊಡನೆ ಮಾತಾಡಿ ಬೇರೆ ಕೆಲಸ ಕೇಳಿಕೊಳ್ಳಬೇಕಾಗುತ್ತದೆ.

ಹಾಗೆ ಕೇಳಿಕೊಂಡವರೊಬ್ಬರು ನನ್ನ ಪರಿಚಿತರಲ್ಲಿದ್ದಾರೆ. ದಾಸರಹಳ್ಳಿಯಲ್ಲಿ ಮನೆ; ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಲೇತ್ ನಡೆಸಿದವರು. 52ನೆಯ ವಯಸ್ಸಿನಲ್ಲಿ ಬಲಗೈ ಸೋತಿತು. ಹೆಂಡತಿ ದಿನವೂ ಹಳೆಯ ನಟ್ಟು ಬೋಲ್ಟುಗಳ ಡಬ್ಬಿಯನ್ನು ಮುಂದಿಟ್ಟು, “ಇಷ್ಟನ್ನೂ ಬೇರೆಬೇರೆ ಮಾಡ್ರಿ, ಆಮೇಲೆ ಕಾಫಿ” ಎಂದು ಹಟಹಿಡಿದು ಕೂರುತ್ತಿದ್ದರಂತೆ. ಮೊದಲು ದೊಡ್ಡ ಬೋಲ್ಟು, ಆಮೇಲೆ ಸಣ್ಣದು. ಹನ್ನೊಂದು ತಿಂಗಳ ನಂತರ ಮಾಲೀಕರು ಅವರನ್ನು ಉಗ್ರಾಣಕ್ಕೆ ತೆಗೆದುಕೊಂಡರು. ಬಲಗೈ ಈಗ ಪೆಟ್ಟಿಗೆಯನ್ನು ಹಿಡಿಯುತ್ತದೆ, ಬೀಗ ತೆಗೆಯುತ್ತದೆ, ಡ್ರಿಲ್ ಬಿಟ್ಟುಗಳನ್ನು ಅಳತೆಯಂತೆ ಆರಿಸಿಕೊಡುತ್ತದೆ. ಮೈಕ್ರೋಮೀಟರ್ ತಿರುಗಿಸುವ ಸೂಕ್ಷ್ಮ ಮರಳಲಿಲ್ಲ. ಸಂಜೆ ದಾಸ್ತಾನು ಪುಸ್ತಕಕ್ಕೆ ಸಹಿ ಹಾಕುವುದು ಎಡಗೈಯಲ್ಲಿ.